ಡೀಸೆಲ್ ಗಾಡಿ ಸರ್ವಿಸ್: ಮನೆಯಲ್ಲಿ ಎಷ್ಟು, ಶೋರೂಮ್‌ನಲ್ಲಿ ಎಷ್ಟು?

ಪ್ರಶ್ನೆ: ಸಾರ್, ನನ್ನದು 2021ರ ಬಿಎಸ್6 ಡೀಸೆಲ್ ಗಾಡಿ. 62,000 ಕಿ.ಮೀ. ಓಡಿದೆ, ವಾರಂಟಿ ಮುಗಿದಿದೆ. ಹಾಸನದಲ್ಲಿ ಮನೆ. ಮಕ್ಕಳನ್ನು ಶಾಲೆಗೆ ಬಿಡುವುದು, ಪೇಟೆ ಓಡಾಟ, ಆಗಾಗ ಊರಿನ ತೋಟ, ಇಷ್ಟೇ ಬಳಕೆ. ಹೋದ ಸಲ ಶೋರೂಮ್ ಸರ್ವಿಸ್ ಬಿಲ್ 17,800 ರೂಪಾಯಿ ಬಂತು. ಅಪ್ಪ ತಮ್ಮ ಡೀಸೆಲ್ ಅಂಬಾಸಿಡರ್ ಅನ್ನು ಅಂಗಳದಲ್ಲೇ ನೋಡಿಕೊಳ್ಳುತ್ತಿದ್ದರು. ಟ್ರ್ಯಾಕ್ಟರ್ ಸರ್ವಿಸ್ ನಾನೇ ಮಾಡುತ್ತೇನೆ. ಈ ಗಾಡಿಯನ್ನೂ ನಾನೇ ಮಾಡಿಕೊಳ್ಳಬಹುದಾ? ಟ್ರ್ಯಾಕ್ಟರಿಗೆ ತಂದ 15ಡಬ್ಲ್ಯೂ40 ಆಯಿಲ್ ಬಕೆಟ್ ಮನೆಯಲ್ಲೇ ಇದೆ, ಅದು ನಡೆಯುತ್ತದಾ? ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಲೈಟ್ ಎರಡು ಸಲ ಬಂದು ಹೋಗಿದೆ. ಹಿಂದಿನ ಬ್ರೇಕ್ ಪ್ಯಾಡ್ ಸವೆದಿದೆ ಎಂದೂ ಹೇಳಿದ್ದಾರೆ. ಬಿಲ್ ಫೋಟೊ ಕಳಿಸಿದ್ದೇನೆ.

ಉತ್ತರ: ಸ್ಪ್ಯಾನರ್ ಹಿಡಿಯುವ ಮೊದಲು ಬಿಲ್ಲನ್ನೇ ಒಮ್ಮೆ ಓದೋಣ. ಎಂಜಿನ್ ಆಯಿಲ್ 4,600. ಆಯಿಲ್ ಫಿಲ್ಟರ್ 650, ಡೀಸೆಲ್ ಫಿಲ್ಟರ್ 2,400, ಏರ್ ಫಿಲ್ಟರ್ 700, ಎಸಿ ಫಿಲ್ಟರ್ 550. ಲೇಬರ್ 2,200. ವೀಲ್ ಅಲೈನ್‌ಮೆಂಟ್ ಮತ್ತು ಬ್ಯಾಲೆನ್ಸಿಂಗ್ 1,200. ಇಲ್ಲಿಗೆ 12,300 ಆಯಿತು. ಇದರ ಮೇಲೆ ‘ಎಂಜಿನ್ ಟ್ರೀಟ್‌ಮೆಂಟ್’ 1,900, ‘ಎಸಿ ಡಿಸ್‌ಇನ್ಫೆಕ್ಷನ್’ 1,400, ‘ಇಂಟೀರಿಯರ್ ಎನ್‌ರಿಚ್‌ಮೆಂಟ್’ 1,500, ಚಿಲ್ಲರೆ ಸಾಮಾನು 700.

ಟ್ರೀಟ್‌ಮೆಂಟ್, ಡಿಸ್‌ಇನ್ಫೆಕ್ಷನ್, ಎನ್‌ರಿಚ್‌ಮೆಂಟ್ ಮೂರೂ ಸೇರಿ 4,800. ನಿಮ್ಮ ಗಾಡಿಯ ಓನರ್ಸ್ ಮ್ಯಾನುಯಲ್ ತೆಗೆದು ಸರ್ವಿಸ್ ಪಟ್ಟಿ ನೋಡಿ. ಇಷ್ಟು ಕಿಲೋಮೀಟರಿಗೆ ಇದನ್ನು ಬದಲಿಸಬೇಕು, ಅದನ್ನು ಚೆಕ್ ಮಾಡಬೇಕು ಎಂದು ಅಲ್ಲಿ ಸಾಲಾಗಿ ಇರುತ್ತದೆ. ಯಾವ ಕಂಪನಿಯ ಪಟ್ಟಿಯಲ್ಲೂ ನಾನು ಈ ಮೂರು ಹೆಸರು ಕಂಡಿಲ್ಲ. ಸರ್ವಿಸ್ ಅಡ್ವೈಸರ್‌ಗಳಿಗೆ ಟಾರ್ಗೆಟ್ ಇರುತ್ತದೆ, ಅವರು ಕೇಳುತ್ತಾರೆ. ನಾವು ಬೇಡ ಎನ್ನಬೇಕು, ಅಷ್ಟೇ. ಮುಂದಿನ ಸಲ ಜಾಬ್ ಕಾರ್ಡ್ ಮೇಲೆ ‘ಮ್ಯಾನುಯಲ್‌ನಲ್ಲಿ ಇರುವ ಕೆಲಸ ಮಾತ್ರ, ಬೇರೆ ಏನಿದ್ದರೂ ಫೋನ್ ಮಾಡಿ’ ಎಂದು ಕನ್ನಡದಲ್ಲೇ ಬರೆದು, ಆಮೇಲೆ ಸಹಿ ಹಾಕಿ. ಅಲೈನ್‌ಮೆಂಟ್ ಅನ್ನು ಟೈರ್ ಅಂಗಡಿಯಲ್ಲಿ ಮಾಡಿಸಿ, ಇನ್ನೂ ಸ್ವಲ್ಪ ಉಳಿಯುತ್ತದೆ.

ಈಗ ಮನೆಯಲ್ಲೇ ಮಾಡಿದರೆ ಏನು ಉಳಿಯುತ್ತದೆ ನೋಡಿ. ಆಯಿಲ್, ನಾಲ್ಕು ಫಿಲ್ಟರ್ ಸೇರಿ 8,900 ರೂಪಾಯಿ ಸಾಮಾನು. ಅದನ್ನು ನೀವೂ ಕೊಳ್ಳಲೇಬೇಕು. ಕಂಪನಿ ಫಿಲ್ಟರ್‌ಗಳಿಗೆ ಎಂಆರ್‌ಪಿ ಇದೆ, ಕೌಂಟರಿನಲ್ಲಿ ಕೊಂಡರೂ ಹೆಚ್ಚು ಕಡಿಮೆ ಅದೇ ಬೆಲೆ. ಆಯಿಲ್ ಮೇಲೆ ಮಾತ್ರ ಐನೂರೋ ಸಾವಿರವೋ ಇಳಿಯಬಹುದು. ಅಂದರೆ ನಿಜವಾಗಿ ಉಳಿಯುವುದು ಲೇಬರ್ 2,200 ಮತ್ತು ಆಯಿಲ್ ಮೇಲಿನ ಈ ಸ್ವಲ್ಪ ಹಣ. ಒಂದು ಜೊತೆ ಒಳ್ಳೆಯ ಜಾಕ್ ಸ್ಟ್ಯಾಂಡ್, ಟಾರ್ಕ್ ರೆಂಚ್, ಫಿಲ್ಟರ್ ಬಿಚ್ಚುವ ಸಾಕೆಟ್, ಆಯಿಲ್ ಹಿಡಿಯುವ ಟ್ರೇ, ಗಾಡಿಯ ಕಂಪ್ಯೂಟರಿನ ದೋಷ ಕೋಡ್ ಓದುವ ಒಬಿಡಿ ರೀಡರ್ ಕೊಂಡರೆ ಎಂಟು-ಹತ್ತು ಸಾವಿರ ಹೋಗುತ್ತದೆ. ಟ್ರ್ಯಾಕ್ಟರಿಗೆ ಎಂದು ಕೆಲವು ನಿಮ್ಮ ಹತ್ತಿರ ಇರಬಹುದು. ಆದರೂ ಹಣದ ಲೆಕ್ಕದಲ್ಲಿ, ಪೆನ್ನಿನಿಂದ ಉಳಿಯುವುದು ಸ್ಪ್ಯಾನರಿನಿಂದ ಉಳಿಯುವುದಕ್ಕಿಂತ ಜಾಸ್ತಿ.

ಹಾಗಾದರೆ ಮನೆಯಲ್ಲಿ ಕೈ ಹಾಕುವುದೇ ಬೇಡವಾ? ಬೇಕು. ಆದರೆ ಕಾರಣ ಬೇರೆ. ನಿಮ್ಮ ಬಳಕೆಗೆ ವರ್ಷಕ್ಕೆ ಒಂದು ಸಲ ಆಯಿಲ್ ಬದಲಿಸಿದರೆ ಸಾಲದು. ಶೋರೂಮ್ ಸರ್ವಿಸ್ ವರ್ಷಕ್ಕೊಮ್ಮೆ ಇರಲಿ, ಎರಡು ಸರ್ವಿಸ್ ನಡುವೆ ಒಂದು ಆಯಿಲ್ ಚೇಂಜ್ ಮನೆಯಲ್ಲಿ ಮಾಡಿ. ಬೇಡದ ಟ್ರೀಟ್‌ಮೆಂಟ್‌ಗಳಿಂದ ಉಳಿಸಿದ 4,800ರಲ್ಲಿ ಆ ಆಯಿಲ್ ಬಂದುಬಿಡುತ್ತದೆ. ಯಾಕೆ ಇದು ಬೇಕು ಅನ್ನುವುದು ನಿಮ್ಮ ಡಿಪಿಎಫ್ ಲೈಟಿನಲ್ಲೇ ಇದೆ.

ಡಿಪಿಎಫ್ ಅಂದರೆ ಸೈಲೆನ್ಸರ್ ಸಾಲಿನಲ್ಲಿ ಕೂರುವ ಒಂದು ಜೇನುಗೂಡಿನಂಥ ಫಿಲ್ಟರ್. ಹೊಗೆಯಲ್ಲಿ ಬರುವ ಮಸಿಯನ್ನು ಅದು ಹಿಡಿದಿಡುತ್ತದೆ. 2020ರ ಏಪ್ರಿಲ್ 1ಕ್ಕೆ ಬಿಎಸ್6 ಮಾಲಿನ್ಯ ನಿಯಮ ಬಂದ ಮೇಲೆ ಡೀಸೆಲ್ ಕಾರುಗಳಿಗೆ ಇದು ಇಲ್ಲದೆ ವಿಧಿಯಿಲ್ಲ. ಅದೇ ಹೊತ್ತಿಗೆ ಡೀಸೆಲ್‌ನ ಗಂಧಕವನ್ನು 50 ಪಿಪಿಎಂನಿಂದ 10ಕ್ಕೆ ಇಳಿಸಿದ್ದು ಕೂಡ ಇಂಥ ಸಾಮಾನುಗಳು ಬದುಕಲಿ ಎಂದೇ. ಫಿಲ್ಟರ್ ತುಂಬುತ್ತಾ ಬಂದಾಗ ಎಂಜಿನ್ ಕಂಪ್ಯೂಟರ್ ಸ್ವಲ್ಪ ಹೆಚ್ಚಿನ ಡೀಸೆಲ್ ಚಿಮ್ಮಿಸಿ ಎಕ್ಸಾಸ್ಟ್ ಅನ್ನು ಸುಮಾರು 600 ಡಿಗ್ರಿವರೆಗೆ ಕಾಯಿಸುತ್ತದೆ. ಮಸಿ ಸುಟ್ಟುಹೋಗುತ್ತದೆ. ಇದಕ್ಕೆ ರೀಜೆನ್ ಅನ್ನುತ್ತಾರೆ. ಹತ್ತಿಪ್ಪತ್ತು ನಿಮಿಷ ಬೇಕು, ಗಾಡಿ ಓಡುತ್ತಿರಬೇಕು.

ನಿಮ್ಮದು ಶಾಲೆ-ಮನೆ ಓಡಾಟ. ರೀಜೆನ್ ಶುರುವಾಗಿ ಐದು ನಿಮಿಷಕ್ಕೆ ಗಾಡಿ ಗೇಟಿನೊಳಗೆ ಬರುತ್ತದೆ, ನೀವು ಕೀ ತಿರುಗಿಸುತ್ತೀರಿ. ಅರ್ಧಕ್ಕೇ ನಿಂತಿತು. ನಾಳೆ ಮತ್ತೆ ಶುರು, ಮತ್ತೆ ಅರ್ಧಕ್ಕೆ. ಪ್ರತಿ ಸಲ ಹೆಚ್ಚುವರಿಯಾಗಿ ಚಿಮ್ಮಿದ ಡೀಸೆಲ್ ಎಲ್ಲ ಸುಡುವುದಿಲ್ಲ. ಅನೇಕ ಎಂಜಿನ್‌ಗಳಲ್ಲಿ ಅದರಲ್ಲಿ ಒಂದಷ್ಟು ಸಿಲಿಂಡರ್ ಗೋಡೆಗುಂಟ ಇಳಿದು ಆಯಿಲ್‌ಗೆ ಸೇರುತ್ತದೆ. ಡಿಪ್‌ಸ್ಟಿಕ್ ತೆಗೆದು ನೋಡಿದರೆ ಆಯಿಲ್ ಮಟ್ಟ ಇಳಿಯುವ ಬದಲು ಏರಿರುತ್ತದೆ! ಹಳೆ ಗಾಡಿ ನೋಡಿಕೊಂಡು ಬಂದವರಿಗೆ ಇದು ವಿಚಿತ್ರ. ಆಯಿಲ್ ಕಡಿಮೆ ಆದರೆ ಚಿಂತೆ ಮಾಡುವುದು ನಮಗೆ ಅಭ್ಯಾಸ, ಜಾಸ್ತಿ ಆದರೆ ಸುಮ್ಮನಿರುತ್ತೇವೆ. ಇಲ್ಲಿ ಜಾಸ್ತಿ ಆದರೇ ಅಪಾಯ. ಡೀಸೆಲ್ ಬೆರೆತ ಆಯಿಲ್ ನೀರಾಗುತ್ತದೆ, ಟರ್ಬೊ ಮತ್ತು ಬೇರಿಂಗ್‌ಗಳಿಗೆ ಸರಿಯಾಗಿ ಜಿಡ್ಡು ಸಿಗುವುದಿಲ್ಲ. ಮಟ್ಟ ‘ಮ್ಯಾಕ್ಸ್’ ಗೆರೆ ದಾಟಿದರೆ ಕಿಲೋಮೀಟರ್ ಎಷ್ಟೇ ಆಗಿರಲಿ, ಆಯಿಲ್ ಬದಲಿಸಿ. ಮ್ಯಾನುಯಲ್‌ನಲ್ಲಿ ‘ಸಿವಿಯರ್ ಕಂಡಿಶನ್’ ಎಂದು ಒಂದು ಪುಟ ಇರುತ್ತದೆ, ಯಾರೂ ಓದುವುದಿಲ್ಲ. ಸಣ್ಣ ಸಣ್ಣ ಓಡಾಟ, ಧೂಳಿನ ರಸ್ತೆ, ನಿಂತು ನಿಂತು ಸಾಗುವ ಟ್ರಾಫಿಕ್ ಎಲ್ಲ ಅದರಲ್ಲೇ ಬರುತ್ತವೆ. ನೀವು ಆ ಪುಟದವರು.

ಲೈಟ್ ಬಂದಾಗ ಮಾಡಬೇಕಾದ್ದು ಸುಲಭ. ನಿಮಗೆ ಪಕ್ಕದಲ್ಲೇ ಬೆಂಗಳೂರು-ಮಂಗಳೂರು ಹೆದ್ದಾರಿ ಇದೆ. ಚನ್ನರಾಯಪಟ್ಟಣದ ಕಡೆಗೆ ಹೊರಟು, ಒಂದು ಗೇರ್ ಕೆಳಗಿಟ್ಟು, ಎಂಜಿನ್ 2,000 ಆರ್‌ಪಿಎಂ ಮೇಲೆ ಇರುವಂತೆ 60-80ರ ವೇಗದಲ್ಲಿ ಇಪ್ಪತ್ತು ನಿಮಿಷ ಓಡಿಸಿ. ಸಾಮಾನ್ಯವಾಗಿ ಲೈಟ್ ಹೋಗುತ್ತದೆ. ಲೈಟ್ ಬರುವವರೆಗೆ ಕಾಯಬೇಕು ಅಂತಲೂ ಇಲ್ಲ, ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ಹೀಗೆ ಓಡಿಸಿದರೆ ಲೈಟ್ ಬರುವುದೇ ಅಪರೂಪ. ರೀಜೆನ್ ನಡೆಯುತ್ತಿದೆ ಎಂದು ತಿಳಿಯಲು ಕೆಲವು ಗುರುತು ಇವೆ: ನಿಂತಾಗ ಆರ್‌ಪಿಎಂ ಸ್ವಲ್ಪ ಮೇಲಿರುತ್ತದೆ, ಮೈಲೇಜ್ ದಿಢೀರ್ ಇಳಿಯುತ್ತದೆ, ಬಿಸಿ ವಾಸನೆ ಬರುತ್ತದೆ, ಆಫ್ ಮಾಡಿದ ಮೇಲೂ ಫ್ಯಾನ್ ಜೋರಾಗಿ ಓಡುತ್ತದೆ. ಆ ಹೊತ್ತಿನಲ್ಲಿ ತೋಟದ ಒಣಹುಲ್ಲಿನ ಮೇಲೆ ಮಾತ್ರ ಗಾಡಿ ನಿಲ್ಲಿಸಬೇಡಿ. ಬೇಸಿಗೆಯಲ್ಲಿ ಬೆಂಕಿ ಹತ್ತಲು ಅಷ್ಟು ಸಾಕು.

ಡಿಪಿಎಫ್ ಲೈಟಿನ ಜೊತೆ ಎಂಜಿನ್ ಚೆಕ್ ಲೈಟೂ ಬಂದು, ಗಾಡಿ ಎಳೆಯದೆ ಮುಷ್ಕರ ಹೂಡಿದರೆ ಹೆದ್ದಾರಿ ಮದ್ದು ಹಚ್ಚಬೇಡಿ. ಆಗ ಕೋಡ್ ಓದಿಸಬೇಕು. ಪಿ2463 ಬಂದರೆ ಮಸಿ ಮಿತಿ ಮೀರಿದೆ ಎಂದರ್ಥ. ಪಿ0401 ಆದರೆ ಇಜಿಆರ್‌ನಲ್ಲಿ, ಅಂದರೆ ಒಂದಷ್ಟು ಹೊಗೆಯನ್ನು ಮತ್ತೆ ಎಂಜಿನ್‌ಗೆ ಕಳಿಸುವ ದಾರಿಯಲ್ಲಿ, ಹರಿವು ಸಾಲುತ್ತಿಲ್ಲ. ಮಸಿ ಯಾಕೆ ಜಾಸ್ತಿ ಆಗುತ್ತಿದೆ ಅನ್ನುವುದನ್ನು ಹುಡುಕದೆ ಬರೀ ಡಿಪಿಎಫ್ ತೊಳೆಸಿದರೆ ಕೆಲವೇ ತಿಂಗಳಲ್ಲಿ ಅದೇ ಕಥೆ. ‘ಡಿಪಿಎಫ್ ಒಳಗಿನದ್ದು ತೆಗೆದು ಸಾಫ್ಟ್‌ವೇರ್ ಮಾಡಿ ಕೊಡುತ್ತೇವೆ’ ಅನ್ನುವವರು ಸಿಗುತ್ತಾರೆ. ಅದು ಕಾನೂನಿಗೆ ವಿರುದ್ಧ. ಮಾಲಿನ್ಯ ನಿಯಮ ಮುರಿದದ್ದಕ್ಕೆ ಮೋಟಾರು ವಾಹನ ಕಾಯ್ದೆಯಲ್ಲಿ 10,000 ರೂಪಾಯಿವರೆಗೆ ದಂಡ ಇದೆ. ಹಿಂದೆ ಸೈಕಲ್‌ನಲ್ಲಿ ಬರುವವರ ಮುಖಕ್ಕೆ ಮಸಿ ಊದುವುದು ಬೇರೆ.

ಇನ್ನು ನಿಮ್ಮ ಟ್ರ್ಯಾಕ್ಟರ್ ಆಯಿಲ್. ಬೇಡವೇ ಬೇಡ. ನೀವು ಕೇಳಿದ ಎಲ್ಲ ಪ್ರಶ್ನೆಗಳಲ್ಲಿ ಇದೇ ಮುಖ್ಯವಾದದ್ದು, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಸೌದೆ ಒಲೆಯಲ್ಲಿ ಮಸಿ ಬೇರೆ, ಬೂದಿ ಬೇರೆ ಅಲ್ವಾ? ಮಸಿಯನ್ನು ಮತ್ತೆ ಸುಡಬಹುದು. ಬೂದಿಯನ್ನು ಎಷ್ಟು ಕಾಯಿಸಿದರೂ ಬೂದಿಯೇ. ಡಿಪಿಎಫ್ ಒಳಗೂ ಹಾಗೇ. ಡೀಸೆಲ್ ಸುಟ್ಟಾಗ ಬರುವ ಮಸಿ ರೀಜೆನ್‌ನಲ್ಲಿ ಹೋಗುತ್ತದೆ. ಆದರೆ ಎಂಜಿನ್ ಆಯಿಲ್ ಕೂಡ ಸ್ವಲ್ಪ ಸ್ವಲ್ಪ ಸುಡುತ್ತಿರುತ್ತದೆ. ಆಯಿಲ್‌ಗೆ ಬೆರೆಸಿದ ಕ್ಯಾಲ್ಸಿಯಂ, ಸತುವಿನಂಥ ವಸ್ತುಗಳು ಬೂದಿಯಾಗಿ ಫಿಲ್ಟರಿನಲ್ಲಿ ಕೂರುತ್ತವೆ. ಅದನ್ನು ಯಾವ ರೀಜೆನ್ನೂ ತೆಗೆಯುವುದಿಲ್ಲ. ಅದಕ್ಕೇ ಡಿಪಿಎಫ್ ಇರುವ ಕಾರುಗಳಿಗೆ ಕಡಿಮೆ ಬೂದಿಯ ಆಯಿಲ್ ಹೇಳುತ್ತಾರೆ. ಡಬ್ಬದ ಹಿಂದೆ ಎಸಿಇಎ (ಯುರೋಪಿನ ವಾಹನ ತಯಾರಕರ ಸಂಘ) ದರ್ಜೆ ಸಿ2, ಸಿ3 ಅಥವಾ ಸಿ5 ಎಂದು ಇರುತ್ತದೆ. ಈ ಮೂರರಲ್ಲೂ ಬೂದಿಯ ಅಂಶ ಶೇ. 0.8 ಮೀರುವಂತಿಲ್ಲ. ಟ್ರ್ಯಾಕ್ಟರು, ಹಳೆ ಲಾರಿಗಳಿಗೆ ಬರುವ ಸಿಐ-4 ದರ್ಜೆಯ 15ಡಬ್ಲ್ಯೂ40ರಲ್ಲಿ ಅದು ಸಾಮಾನ್ಯವಾಗಿ ಶೇ. 1ಕ್ಕಿಂತ ಜಾಸ್ತಿ. ಟ್ರ್ಯಾಕ್ಟರಿಗೆ ಅದು ಒಳ್ಳೆಯ ಆಯಿಲ್ಲೇ, ತಪ್ಪು ಜಾಗಕ್ಕೆ ಬಂದರೆ ಕಷ್ಟ. ಇವತ್ತು ಹಾಕಿದರೆ ನಾಳೆ ಎಂಜಿನ್ ನಿಲ್ಲುವುದಿಲ್ಲ, ನಯವಾಗಿಯೇ ಓಡುತ್ತದೆ. ಅದಕ್ಕೇ ಜನ ‘ಏನೂ ಆಗಲಿಲ್ಲ’ ಅನ್ನುತ್ತಾರೆ. ಫಿಲ್ಟರ್ ಮಾತ್ರ ಬೂದಿ ತುಂಬಿ ಬೇಗ ಕಟ್ಟಿಕೊಳ್ಳುತ್ತದೆ. ಹೊಸ ಡಿಪಿಎಫ್ ಅಂದರೆ ಹಲವು ಗಾಡಿಗಳಲ್ಲಿ ಲಕ್ಷದ ಮಾತು.

ದಪ್ಪದ ವಿಷಯವೂ ಇದೆ. ಸಿ3 ಸ್ವಲ್ಪ ಗಟ್ಟಿ, ಸಿ5 ತೆಳು. ಎರಡೂ ಕಡಿಮೆ ಬೂದಿಯವೇ ಆದರೂ ಒಂದರ ಬದಲು ಇನ್ನೊಂದು ಹಾಕಬೇಡಿ. ಮ್ಯಾನುಯಲ್ ಏನು ಹೇಳುತ್ತದೋ ಅದನ್ನೇ ತನ್ನಿ. ಡಬ್ಬದ ಮುಂದೆ ‘ಡೀಸೆಲ್, ಫುಲ್ ಸಿಂಥೆಟಿಕ್’ ಎಂದು ದೊಡ್ಡದಾಗಿ ಬರೆದಿರುವುದಕ್ಕೆ ಬೆಲೆಯಿಲ್ಲ, ಹಿಂದಿನ ಸಣ್ಣ ಅಕ್ಷರ ಓದಿ. ಬ್ರ್ಯಾಂಡ್ ಬಗ್ಗೆ ನನಗೆ ಹಟ ಇಲ್ಲ. ಕಂಪನಿಯ ಸ್ಪೇರ್ ಕೌಂಟರಿನಲ್ಲೋ ಆಯಿಲ್ ಕಂಪನಿಯ ಅಧಿಕೃತ ಅಂಗಡಿಯಲ್ಲೋ ಬಿಲ್ ಹಾಕಿಸಿ ಕೊಂಡರೆ ಸಾಕು. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಸಿಗದ ಸ್ಪೇರ್ ಇಲ್ಲ. ಆದರೆ ಅಲ್ಲಿ ಅಸಲಿಯ ಪಕ್ಕದಲ್ಲೇ ನಕಲಿ ಕೂತಿರುತ್ತದೆ. ಫಿಲ್ಟರ್ ತೀರಾ ಅಗ್ಗಕ್ಕೆ ಸಿಕ್ಕರೆ ಅನುಮಾನ ಪಡಿ.

ಆಯಿಲ್ ಬದಲಿಸುವ ಕೆಲಸ ಟ್ರ್ಯಾಕ್ಟರ್ ಮಾಡುವವರಿಗೆ ಹೊಸದಲ್ಲ. ಕಾರಿನಲ್ಲಿ ಎಡವುವ ಜಾಗ ಮಾತ್ರ ಹೇಳುತ್ತೇನೆ. ಟ್ರ್ಯಾಕ್ಟರ್ ಅಡಿಯಲ್ಲಿ ಆರಾಮಾಗಿ ನುಸುಳಬಹುದು, ಕಾರಿಗೆ ಎತ್ತರ ಇಲ್ಲ. ಗಾಡಿ ಜೊತೆ ಬರುವ ಜಾಕ್ ಟೈರ್ ಬದಲಿಸಲು ಮಾತ್ರ. ಅದರ ಮೇಲೆ ನಿಲ್ಲಿಸಿ ಕೆಳಗೆ ಮಲಗಬೇಡಿ. ಗಟ್ಟಿ ನೆಲ, ಹಿಂದಿನ ಚಕ್ರಕ್ಕೆ ಅಡ್ಡಗಲ್ಲು, ಎರಡು ಜಾಕ್ ಸ್ಟ್ಯಾಂಡ್. ಇವು ಇಲ್ಲದಿದ್ದರೆ ಕೆಲಸವೇ ಬೇಡ. ಇಟ್ಟಿಗೆ, ಸೈಜುಗಲ್ಲು ಜೋಡಿಸಿ ಅದರ ಮೇಲೆ ಗಾಡಿ ಕೂರಿಸುವವರನ್ನು ಕಂಡರೆ ನನಗೆ ಎದೆ ಝಲ್ ಎನ್ನುತ್ತದೆ.

ಸಂಪ್, ಅಂದರೆ ಎಂಜಿನ್ ಅಡಿಯ ಆಯಿಲ್ ತಟ್ಟೆ, ಈಗ ಸಾಮಾನ್ಯವಾಗಿ ಅಲ್ಯೂಮಿನಿಯಂ, ಕೆಲವದರಲ್ಲಿ ಪ್ಲಾಸ್ಟಿಕ್. ಡ್ರೈನ್ ಬೋಲ್ಟನ್ನು ಟ್ರ್ಯಾಕ್ಟರ್ ಲೆಕ್ಕದಲ್ಲಿ ಬಿಗಿದರೆ ಥ್ರೆಡ್ ಹೋಗುತ್ತದೆ. ಬಹಳ ಗಾಡಿಗಳಲ್ಲಿ 25ರಿಂದ 45 ನ್ಯೂಟನ್ ಮೀಟರ್ ಒಳಗೇ ಮುಗಿಯುತ್ತದೆ, ನಿಮ್ಮ ಎಂಜಿನ್ನಿನ ನಿಖರ ಅಂಕಿ ಹುಡುಕಿ ಟಾರ್ಕ್ ರೆಂಚಿನಲ್ಲಿ ಬಿಗಿಯಿರಿ. ವಾಷರ್ ಪ್ರತಿ ಸಲ ಹೊಸದು. ಫಿಲ್ಟರ್ ಕ್ಯಾಪಿನ ರಬ್ಬರ್ ಓ-ರಿಂಗ್ ಹಳೆಯದು ಅಲ್ಲೇ ಅಂಟಿಕೊಂಡಿರುತ್ತದೆ, ಅದನ್ನು ತೆಗೆದೇ ಹೊಸದು ಹಾಕಿ. ಆಯಿಲ್ ಹಾಕುವಾಗ ಒಂದಿಷ್ಟು ಕಡಿಮೆಯೇ ಹಾಕಿ, ಸ್ಟಾರ್ಟ್ ಮಾಡಿ ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ ಸೇರಿಸಿ. ಡಿಪಿಎಫ್ ಗಾಡಿಯಲ್ಲಿ ಮೊದಲೇ ಮ್ಯಾಕ್ಸ್ ಗೆರೆವರೆಗೆ ತುಂಬಬೇಡಿ. ಮುಂದೆ ಡೀಸೆಲ್ ಸೇರಿದರೆ ಏರಲು ಸ್ವಲ್ಪ ಜಾಗ ಇರಲಿ.

ಕೊನೆಗೆ ಆಯಿಲ್ ಕೌಂಟರ್ ರೀಸೆಟ್. ಕೆಲವು ಗಾಡಿಗಳಲ್ಲಿ ಡ್ಯಾಶ್‌ಬೋರ್ಡಿನ ಮೆನುವಿನಲ್ಲೇ ಆಗುತ್ತದೆ, ಕೆಲವದಕ್ಕೆ ಸ್ಕ್ಯಾನರ್ ಬೇಕು. ಮೆನುವಿನಲ್ಲಿ ಕಾಣುವ ‘ಸರ್ವಿಸ್ ರಿಮೈಂಡರ್’ ಬೇರೆ, ಆಯಿಲ್‌ಗೆ ಎಷ್ಟು ಡೀಸೆಲ್ ಬೆರೆತಿರಬಹುದು ಎಂದು ಎಂಜಿನ್ ಕಂಪ್ಯೂಟರ್ ಇಡುವ ಲೆಕ್ಕ ಬೇರೆ. ನಿಮ್ಮ ಮಾಡೆಲ್‌ನಲ್ಲಿ ಎರಡನೆಯದು ಇದ್ದರೆ ಅದನ್ನೂ ರೀಸೆಟ್ ಮಾಡಲೇಬೇಕು. ಮಾಡದಿದ್ದರೆ ಹೊಸ ಆಯಿಲ್ ಹಾಕಿದ್ದರೂ ಗಾಡಿ ಬದಲಿಸಿ ಬದಲಿಸಿ ಎಂದು ಕೂಗುತ್ತಲೇ ಇರುತ್ತದೆ.

ಹಳೆ ಆಯಿಲನ್ನು ಚರಂಡಿಗೂ ತೋಟಕ್ಕೂ ಸುರಿಯಬೇಡಿ. ಗೆದ್ದಲು ಹತ್ತಬಾರದೆಂದು ಬೇಲಿ ಗೂಟಕ್ಕೆ ಬಳಿಯುವುದು ನಮ್ಮ ಕಡೆ ಹಳೆ ಅಭ್ಯಾಸ. ಅದೂ ಬೇಡ, ಮಳೆಗೆ ತೊಳೆದು ಬಾವಿಗೇ ಸೇರುತ್ತದೆ. ಹೊಸ ಆಯಿಲ್ ಬಂದ ಡಬ್ಬಕ್ಕೇ ತುಂಬಿ ದೊಡ್ಡ ಗ್ಯಾರೇಜಿಗೆ ಕೊಟ್ಟುಬಿಡಿ, ಅವರಲ್ಲಿಂದ ಕೊಂಡುಹೋಗುವವರು ಇರುತ್ತಾರೆ.

ಏರ್ ಫಿಲ್ಟರ್, ಎಸಿ ಫಿಲ್ಟರ್ ಬಗ್ಗೆ ಹೇಳುವುದೇನೂ ಇಲ್ಲ. ಡ್ಯಾಶ್‌ಬೋರ್ಡಿನ ಗ್ಲೋವ್ ಬಾಕ್ಸ್ ಬಿಚ್ಚಲು ಬಂದರೆ ಎಸಿ ಫಿಲ್ಟರ್ ಹತ್ತು ನಿಮಿಷದ ಕೆಲಸ. ಬಾಣದ ಗುರುತು ಯಾವ ಕಡೆಗಿತ್ತೋ ಅದೇ ಕಡೆಗೆ ಹೊಸದನ್ನೂ ಹಾಕಿ.

ಡೀಸೆಲ್ ಫಿಲ್ಟರ್ ಮಾತ್ರ ಬೇರೆ ಜಾತಿ. ನಿಮ್ಮ ತಂದೆಯ ಅಂಬಾಸಿಡರ್‌ನಲ್ಲಿ ನಾಝಲ್ ತೆರೆಯುತ್ತಿದ್ದುದು ನೂರು-ಇನ್ನೂರು ಬಾರ್ ಒತ್ತಡಕ್ಕೆ. ಎಲ್ಲ ಇಂಜೆಕ್ಟರಿಗೂ ಒಂದೇ ಪೈಪಿನಿಂದ ಡೀಸೆಲ್ ಹೋಗುವ ಈಗಿನ ಕಾಮನ್ ರೈಲ್‌ನಲ್ಲಿ ಒತ್ತಡ 1,600ರಿಂದ 2,000 ಬಾರ್‌ವರೆಗೆ ಏರುತ್ತದೆ. ಈ ಒತ್ತಡ ಕೊಡುವ ಪಂಪಿಗೆ ಡೀಸೆಲ್ಲೇ ಜಿಡ್ಡು. ಫಿಲ್ಟರ್ ಬದಲಿಸಿ, ಗಾಳಿ ತೆಗೆಯದೆ, ಸೆಲ್ಫ್ ಹೊಡೆದು ಹೊಡೆದು ಸ್ಟಾರ್ಟ್ ಮಾಡಲು ಹೋದರೆ ಪಂಪು ಒಣಗಿ ಸವೆಯುತ್ತದೆ. ಸವೆದ ಲೋಹದ ಪುಡಿ ನೇರ ಇಂಜೆಕ್ಟರ್‌ಗಳಿಗೆ ಹೋಗುತ್ತದೆ. ಆಗ ಪಂಪು, ರೈಲು, ನಾಲ್ಕು ಇಂಜೆಕ್ಟರ್, ಟ್ಯಾಂಕ್ ತೊಳೆಯುವುದು ಎಲ್ಲ ಸೇರಿ ಬಿಲ್ಲು ನೋಡಿದರೆ 17,800 ಚಿಕ್ಕದು ಅನ್ನಿಸುತ್ತದೆ.

ಹಾಗೆಂದು ಹೆದರಬೇಕಿಲ್ಲ. ಕೆಲವು ಗಾಡಿಗಳಲ್ಲಿ ಕೈಯಿಂದ ಒತ್ತುವ ಪ್ರೈಮರ್ ಇದೆ. ಟ್ಯಾಂಕಿನಲ್ಲಿ ಕರೆಂಟ್ ಪಂಪು ಇರುವ ಗಾಡಿಯಾದರೆ ಇಗ್ನಿಷನ್ ಆನ್ ಮಾಡಿ ಅರ್ಧ ನಿಮಿಷ ಬಿಟ್ಟು ಆಫ್ ಮಾಡಿ, ಹೀಗೆ ನಾಲ್ಕೈದು ಸಲ ಮಾಡಿದರೆ ಗಾಳಿ ಹೋಗುತ್ತದೆ. ಸ್ಕ್ಯಾನರಿನಿಂದಲೇ ಪಂಪು ಓಡಿಸಬೇಕಾದ ಗಾಡಿಗಳೂ ಇವೆ. ನಿಮ್ಮದು ಯಾವ ಬಗೆ ಎಂದು ಖಚಿತವಾಗಿ ಗೊತ್ತಿದ್ದರೆ ಮಾಡಿ, ಇಲ್ಲವಾದರೆ ಶೋರೂಮಿಗೆ ಬಿಡಿ. ಹೊಸ ಫಿಲ್ಟರಿಗೆ ಕ್ಯಾನಿನಿಂದ ಡೀಸೆಲ್ ತುಂಬಿಸಿ ಹಾಕುವ ಹಳೇ ಪದ್ಧತಿ ಬೇಡ. ಅದರಲ್ಲಿನ ಕಸ ಶೋಧಿಸದೆಯೇ ಮುಂದೆ ಹೋಗಬಹುದು. ಎಂಜಿನ್ ಓಡುತ್ತಿರುವಾಗ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ‘ಯಾವ ಸಿಲಿಂಡರ್ ಮಿಸ್ ಆಗುತ್ತಿದೆ’ ಎಂದು ನೋಡುವುದು ಟ್ರ್ಯಾಕ್ಟರಿನಲ್ಲಿ ಎಲ್ಲರೂ ಮಾಡುತ್ತಾರೆ. ಇಲ್ಲಿ ಮಾಡಿದರೆ ಆ ಚಿಲುಮೆ ಚರ್ಮ ತೂರಿ ಕೈಯೊಳಗೆ ಹೋಗುತ್ತದೆ. ನೋಡಲು ಸೂಜಿ ಚುಚ್ಚಿದಷ್ಟೇ ಗಾಯ, ಆದರೆ ತಕ್ಷಣ ಆಸ್ಪತ್ರೆಗೆ ಹೋಗದಿದ್ದರೆ ಬೆರಳೇ ಹೋಗಬಹುದು.

ಮಲೆನಾಡಿನ ಮಳೆಗಾಲದಲ್ಲಿ ಡೀಸೆಲ್‌ಗೆ ನೀರು ಸೇರುವುದು ಇದ್ದದ್ದೇ. ಓಡಾಟ ಜಾಸ್ತಿ ಇರುವ ಬಂಕಿನಲ್ಲೇ ಹಾಕಿಸಿ. ಫಿಲ್ಟರ್ ಕೆಳಗೆ ನೀರು ಬಿಡುವ ತಿರುಪು ಇದ್ದರೆ ಅದನ್ನು ಬಳಸಲು ಕಲಿಯಿರಿ. ಇಂಜೆಕ್ಟರ್ ಕೆಲಸವೇ ಬಂದರೆ ಸಾಮಾನ್ಯ ಗ್ಯಾರೇಜಿಗಿಂತ ಟೆಸ್ಟ್ ಬೆಂಚ್ ಇರುವ ಡೀಸೆಲ್ ಪಂಪ್ ಅಂಗಡಿಗೆ ಹೋಗಿ. ಡೀಸೆಲ್ ಪಂಪ್ ಮಾಡುವ ಬಾಷ್ ಕಂಪನಿ ಮೈಕೊ ಹೆಸರಿನಲ್ಲಿ ಬೆಂಗಳೂರಿನ ಆಡುಗೋಡಿಯಲ್ಲಿ ಬೇರೂರಿದ ರಾಜ್ಯ ನಮ್ಮದು. ಬೆಂಗಳೂರಿನ ಒಂದು ಬಡಾವಣೆಗೆ ಇನ್ನೂ ಆ ಹೆಸರೇ ಇದೆ. ಡೀಸೆಲ್ ಪಂಪಿನ ಕೈಗುಣ ಇಲ್ಲಿ ಕಡಿಮೆಯಿಲ್ಲ.

ಗಾಡಿಗೆ ಆ್ಯಡ್‌ಬ್ಲೂ (ಹೊಗೆಯ ವಿಷಾನಿಲ ಇಳಿಸುವ ದ್ರವ) ಇದ್ದರೆ, ಅಂದರೆ ಡೀಸೆಲ್ ಮುಚ್ಚಳದ ಪಕ್ಕ ನೀಲಿ ಮುಚ್ಚಳ ಇದ್ದರೆ, ಅದನ್ನು ನೀವೇ ತುಂಬಿಸಿ. ಬಂಕುಗಳಲ್ಲಿ ಕ್ಯಾನ್ ಸಿಗುತ್ತದೆ. ಅದು ಶುದ್ಧ ನೀರಿನಲ್ಲಿ ಕರಗಿಸಿದ ಶೇ. 32.5 ಯೂರಿಯಾ. ‘ಹಾಗಾದರೆ ಗೊಬ್ಬರದ ಮೂಟೆ ಮನೆಯಲ್ಲೇ ಇದೆಯಲ್ಲ’ ಎಂದು ಯೋಚಿಸಬೇಡಿ! ನಮ್ಮ ಗೊಬ್ಬರದ ಯೂರಿಯಾಕ್ಕೆ ಬೇವಿನ ಎಣ್ಣೆ ಲೇಪನ ಇರುತ್ತದೆ, ಬೇರೆ ಕಲ್ಮಶವೂ ಇರುತ್ತದೆ. ಆ್ಯಡ್‌ಬ್ಲೂ ಇಂಜೆಕ್ಟರ್ ಕಟ್ಟಿಕೊಂಡುಬಿಡುತ್ತದೆ. ತಪ್ಪಿ ಡೀಸೆಲ್ ಟ್ಯಾಂಕಿಗೆ ಆ್ಯಡ್‌ಬ್ಲೂ ಹಾಕಿದರೆ ಕೀ ಕೂಡ ಆನ್ ಮಾಡಬೇಡಿ, ಟೋ ಮಾಡಿಸಿ.

ಮನೆಯಲ್ಲಿ ಬೇಡವೇ ಬೇಡ ಅನ್ನುವ ಕೆಲಸಗಳಿಗೆ ಒಂದು ಗುರುತು ಹೇಳುತ್ತೇನೆ: ಹೊಸ ಸಾಮಾನು ಹಾಕಿದ್ದೇವೆ ಎಂದು ಕಂಪ್ಯೂಟರಿಗೆ ತಿಳಿಸಲೇಬೇಕಾದದ್ದು ಯಾವುದೋ ಅದು. ಇಂಜೆಕ್ಟರ್ ಬದಲಿಸಿದರೆ ಅದರ ಮೇಲಿನ ಕೋಡ್ ದಾಖಲಿಸಬೇಕು. ಡಿಪಿಎಫ್ ಬದಲಿಸಿದರೆ ಹಳೆ ಬೂದಿ ಲೆಕ್ಕ ಅಳಿಸಬೇಕು. ಸ್ಟಾರ್ಟ್-ಸ್ಟಾಪ್ ಇರುವ, ಅಂದರೆ ಸಿಗ್ನಲ್‌ನಲ್ಲಿ ತಾನೇ ಆಫ್ ಆಗಿ ಸ್ಟಾರ್ಟ್ ಆಗುವ ಗಾಡಿಗೆ, ಅದನ್ನು ತಾಳುವ ಇಎಫ್‌ಬಿ ಅಥವಾ ಎಜಿಎಂ ಬಗೆಯ ಬ್ಯಾಟರಿಯೇ ಬೇಕು, ಕೆಲವದರಲ್ಲಿ ಅದನ್ನೂ ರಿಜಿಸ್ಟರ್ ಮಾಡಿಸಬೇಕು. ಟೈಮಿಂಗ್ ಬೆಲ್ಟ್ ಈ ಪಟ್ಟಿಗೆ ಸೇರದಿದ್ದರೂ ಅದಕ್ಕೂ ಕೈ ಹಾಕಬೇಡಿ. ಹಲ್ಲು ತಪ್ಪಿದರೆ ವಾಲ್ವ್ ಬಾಗಬಹುದು. ಸಾಫ್ಟ್‌ವೇರ್ ಅಪ್‌ಡೇಟ್, ರೀಕಾಲ್ ಕೆಲಸ ಹೇಗೂ ಕಂಪನಿಯವರದ್ದೇ. ವರ್ಷಕ್ಕೊಮ್ಮೆ ಶೋರೂಮಿಗೆ ಹೋಗಿ ಅನ್ನುವುದಕ್ಕೆ ಅದೂ ಒಂದು ಕಾರಣ. ರೀಜೆನ್ ಕಾರ್ಯಕ್ರಮವನ್ನೇ ಸುಧಾರಿಸಿದ ಅಪ್‌ಡೇಟ್‌ಗಳು ಬಂದಿರುತ್ತವೆ, ಕೇಳಿದರೆ ಹಾಕಿಕೊಡುತ್ತಾರೆ.

ಮೂರನೆಯ ದಾರಿಯೂ ಇದೆ, ಊರಿನ ಒಳ್ಳೆಯ ಗ್ಯಾರೇಜ್. ಸ್ಕ್ಯಾನರ್ ಇದೆಯಾ ಎಂದು ಕೇಳಿ. ಆಮೇಲೆ ‘ನನ್ನ ಗಾಡಿಗೆ ಯಾವ ಆಯಿಲ್ ಹಾಕುತ್ತೀರಿ’ ಎಂದು ಕೇಳಿ. ‘ಎಲ್ಲ ಡೀಸೆಲ್‌ಗೂ ಒಂದೇ ಸಾರ್’ ಎಂದರೆ ನಮಸ್ಕಾರ ಹೇಳಿ ಬನ್ನಿ. ಮ್ಯಾನುಯಲ್ ತೋರಿಸಿ ಅಂದರೆ ಅಲ್ಲೇ ಬಿಡಿ.

ವಾರಂಟಿ ನಿಮಗೆ ಮುಗಿದಿದೆ, ಆದರೆ ಓದುವ ಬೇರೆಯವರಿಗಾಗಿ ಎರಡು ಮಾತು. ಹೊರಗೆ ಸರ್ವಿಸ್ ಮಾಡಿಸಿದರೆ ವಾರಂಟಿಯೇ ರದ್ದು ಎಂಬ ಸಾರಾಸಗಟು ಷರತ್ತು ಹಾಕಬಾರದು ಎಂದು ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಹೇಳಿತು. ಹೊರಗಿನ ತಪ್ಪು ಕೆಲಸದಿಂದ ಹಾಳಾದಷ್ಟಕ್ಕೆ ಮಾತ್ರ ವಾರಂಟಿ ನಿರಾಕರಿಸಬಹುದು ಎಂಬುದು ಅದರ ಸಾರ. ಆ ಆದೇಶದ ಮೇಲೆ ಮೇಲ್ಮನವಿಗಳೂ ಆದವು. 2022ರ ಡಿಸೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ‘ರೈಟ್ ಟು ರಿಪೇರ್’ ಪೋರ್ಟಲ್ ಶುರು ಮಾಡಿತು, ವಾಹನಗಳೂ ಅದರಲ್ಲಿವೆ. ಆದರೂ ಶೋರೂಮ್ ಕೌಂಟರಿನಲ್ಲಿ ನಿಂತು ಆದೇಶ ಓದಿ ಹೇಳಿ ಗೆಲ್ಲುವುದು ಸುಲಭವಲ್ಲ. ವಾರಂಟಿ ಇರುವವರೆಗೆ, ಎಕ್ಸ್‌ಟೆಂಡೆಡ್ ವಾರಂಟಿ ಇದ್ದರೂ ಸರಿ, ನಿಗದಿತ ಸರ್ವಿಸನ್ನು ಅಲ್ಲೇ ಮಾಡಿಸಿ. ಮಾರುವಾಗಲೂ ಡೀಸೆಲ್ ಗಾಡಿ ಕೊಳ್ಳುವವರು ಸರ್ವಿಸ್ ಹಿಸ್ಟರಿ ಕೇಳುತ್ತಾರೆ. ಮನೆಯಲ್ಲಿ ಮಾಡಿದ್ದಕ್ಕೆ ಆಯಿಲ್ ಬಿಲ್ಲು, ಫಿಲ್ಟರ್ ಡಬ್ಬದ ನಂಬರ್, ಮೀಟರಿನ ಫೋಟೊ ಒಂದು ಫೈಲಿನಲ್ಲಿಡಿ.

ಉಳಿದದ್ದು ಹಿಂದಿನ ಬ್ರೇಕ್ ಪ್ಯಾಡ್. ನಿಮ್ಮ ಗಾಡಿಯಲ್ಲಿ ಹ್ಯಾಂಡ್‌ಬ್ರೇಕ್ ಎಳೆಯುವ ಲಿವರ್ ಇದೆಯಾ, ಒತ್ತುವ ಬಟನ್ ಇದೆಯಾ ಎಂದು ನೀವು ಬರೆದಿಲ್ಲ. ಲಿವರ್ ಇದ್ದು ಹಿಂದೆ ಡಿಸ್ಕ್ ಇದ್ದರೆ ಪಿಸ್ಟನ್ನನ್ನು ತಿರುಗಿಸುತ್ತಾ ಒಳಗೆ ತಳ್ಳುವ ಟೂಲ್ ಬೇಕು, ಕೆಲಸ ಮನೆಯಲ್ಲೇ ಆಗುತ್ತದೆ. ಬಟನ್ ಇದ್ದರೆ ಮೊದಲು ಸ್ಕ್ಯಾನರಿನಿಂದ ಸರ್ವಿಸ್ ಮೋಡ್‌ಗೆ ಹಾಕಬೇಕು. ಹಾಗೆ ಮಾಡದೆ ಸಿ-ಕ್ಲ್ಯಾಂಪ್ ಹಾಕಿ ಒತ್ತಿದರೆ ಒಳಗಿನ ಮೋಟಾರಿನ ಗೇರ್ ಮುರಿಯುತ್ತದೆ, ಪ್ಯಾಡಿನ ಜೊತೆ ಕ್ಯಾಲಿಪರ್ರನ್ನೂ ಕೊಳ್ಳಬೇಕಾಗುತ್ತದೆ. ಎರಡರಲ್ಲಿ ಯಾವುದೇ ಇರಲಿ, ಹಣ ಕೊಡುವ ಮುಂಚೆ ಪ್ಯಾಡ್ ಎಷ್ಟು ಮಿಲಿಮೀಟರ್ ಉಳಿದಿದೆ ಎಂದು ಕೇಳಿ, ಚಕ್ರ ಬಿಚ್ಚಿದಾಗ ನೀವೇ ನೋಡಿ. ಮೂರು ಮಿಲಿಮೀಟರಿಗಿಂತ ಜಾಸ್ತಿ ಇದ್ದರೆ ಅವಸರವಿಲ್ಲ, ಮುಂದಿನ ಆಯಿಲ್ ಚೇಂಜ್ ಹೊತ್ತಿಗೆ ಮತ್ತೆ ಅಳೆಯಿರಿ.